ಬೀಗ ಹಾಕಿದ ಮನೆಗಳ ಸಮೀಕ್ಷೆ: ರಾಯಚೂರಿನ ಒಂದು ಪಿಎಚ್‌ಡಿ ಯೋಜನೆಯ ಪ್ರಕರಣ ಅಧ್ಯಯನ

ಇದು ರಾಯಚೂರು ಜಿಲ್ಲೆಯಲ್ಲಿ ಗುಳೆಯ ಬಗ್ಗೆ, ಅಂದರೆ ಜನ ದುಡಿಯಲು ಕೆಲವು ತಿಂಗಳು ಊರು ಬಿಟ್ಟು ಹೋಗುವುದರ ಬಗ್ಗೆ, ನಡೆದ ಸಂಶೋಧನೆಯ ಪ್ರಕರಣ. ಸಂಶೋಧಕಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರು, ವಿಶ್ವವಿದ್ಯಾಲಯ, ಗೈಡ್, ತಾಲ್ಲೂಕು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಾನು ಸಂಖ್ಯಾಶಾಸ್ತ್ರ ಕಲಿಸುವ ಕೆಲಸದಲ್ಲಿರುವವನು. ಅವರ ಸಂಶೋಧನಾ ಸಲಹಾ ಸಮಿತಿಯಲ್ಲಿ ಹೊರಗಿನ ಸದಸ್ಯನಾಗಿದ್ದೆ. ಅಂಕಿಅಂಶ ಆಧರಿಸಿ ಪಿಎಚ್‌ಡಿ ಮಾಡಲು ಹೊರಟ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಈ ಯೋಜನೆಯಲ್ಲಿ ಕಲಿಯುವುದು ತುಂಬಾ ಇದೆ ಎಂದು ನನಗೆ ಅನ್ನಿಸಿದೆ.

ಹಿನ್ನೆಲೆ

ಸಂಶೋಧಕಿ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅರ್ಥಶಾಸ್ತ್ರದಲ್ಲಿ ಅರೆಕಾಲಿಕವಾಗಿ ಪಿಎಚ್‌ಡಿಗೆ ನೋಂದಾಯಿಸಿದ್ದರು. ಕೋರ್ಸ್‌ವರ್ಕ್ ಮುಗಿದಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಕೆಲಸ, ಮನೆ, ಮಕ್ಕಳು ಎಲ್ಲವನ್ನೂ ನೋಡಿಕೊಂಡು ಓದುವವರಿಗೆ ಈ 6 ವರ್ಷ ಜಾಸ್ತಿ ಏನಲ್ಲ. ಹಾಗಾಗಿ ಅವರಿಗೆ ಅವಸರವಿತ್ತು. ಆ ಅವಸರಕ್ಕೆ ಕಾರಣವೂ ಇತ್ತು.

ಆರಿಸಿಕೊಂಡ ವಿಷಯ ಗುಳೆ. ರಾಯಚೂರು ಇರುವುದು ಕೃಷ್ಣಾ, ತುಂಗಭದ್ರಾ ನದಿಗಳ ನಡುವೆ. ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ ಕಡೆ ಹರಿಯುತ್ತದೆ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಇದೆ. ಆದರೂ ಕಾಲುವೆ ಮುಟ್ಟದ ಊರುಗಳಿಂದ ಜನ ವರ್ಷವರ್ಷ ದುಡಿಯಲು ಹೊರಗೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡ ಕೆಲಸ, ಪುಣೆ, ಹೈದರಾಬಾದು, ಕಬ್ಬು ಕಡಿಯುವ ಊರುಗಳು. ಸಂಶೋಧಕಿಯ ಜೊತೆ ಸಣ್ಣವರಿದ್ದಾಗ ಓದಿದವರಲ್ಲಿ ಕೆಲವರು ಹೀಗೇ ಅರ್ಧಕ್ಕೆ ಶಾಲೆ ಬಿಟ್ಟಿದ್ದರು. ವಿಷಯದ ಮೇಲೆ ಅವರಿಗೆ ನಿಜವಾದ ಕಾಳಜಿ ಇತ್ತು.

ಮೊದಲ ಸಂಶೋಧನಾ ರೂಪುರೇಷೆ, ಅಂದರೆ ಸಿನಾಪ್ಸಿಸ್‌ನ ತಲೆಬರಹ ಹೀಗಿತ್ತು: ‘ರಾಯಚೂರು ಜಿಲ್ಲೆಯಲ್ಲಿ ಗುಳೆಯ ಸಾಮಾಜಿಕ ಮತ್ತು ಆರ್ಥಿಕ ಪರಿಣಾಮಗಳು: ಒಂದು ಅಧ್ಯಯನ’. ಅದರ ಜೊತೆಗೇ 94 ಪ್ರಶ್ನೆಗಳ ಪ್ರಶ್ನಾವಳಿ ತಯಾರಾಗಿತ್ತು. ಸ್ಯಾಂಪಲ್ 385 ಕುಟುಂಬ. ಊರುಗಳನ್ನು ಆರಿಸಿದ್ದು ಪರಿಚಯದವರು ಇದ್ದಾರೆ, ಬಸ್ಸಿನ ಅನುಕೂಲ ಇದೆ ಎಂದು ನೋಡಿ. ಸಮೀಕ್ಷೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಏಕೆಂದರೆ ಆಗ ಕಾಲೇಜಿನಲ್ಲಿ ಸೆಮಿಸ್ಟರ್ ಬಿಡುವು ಸಿಗುತ್ತದೆ. ವಿಶ್ಲೇಷಣೆಯ ಬಗ್ಗೆ ಒಂದೇ ಸಾಲಿತ್ತು: ಎಸ್‌ಪಿಎಸ್‌ಎಸ್ ತಂತ್ರಾಂಶ ಬಳಸಿ ಕೈ-ವರ್ಗ (ಕೈ-ಸ್ಕ್ವೇರ್), ಟಿ-ಪರೀಕ್ಷೆ, ಅನೋವಾ ಎಂಬ ಹೋಲಿಕೆಯ ಪರೀಕ್ಷೆಗಳನ್ನು ಮಾಡಲಾಗುವುದು.

ಸಮಸ್ಯೆ ಎಲ್ಲಿತ್ತು

ಸಮಿತಿಯ ಮೊದಲ ಸಭೆಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ. ‘ನಿಮ್ಮ ಪ್ರಬಂಧದ ಮುಖ್ಯ ಅಧ್ಯಾಯದಲ್ಲಿ ಅಚ್ಚಾಗುವ ಒಂದು ಕೋಷ್ಟಕವನ್ನು ಈಗಲೇ ಬೋರ್ಡಿನ ಮೇಲೆ ಬರೆಯಿರಿ. ಅಂಕಿ ಬೇಡ. ಅಡ್ಡಸಾಲು ಏನು, ಕಂಬಸಾಲು ಏನು, ಅಷ್ಟು ಸಾಕು.’

ಅವರು ತುಂಬಾ ಹೊತ್ತು ಯೋಚಿಸಿದರು. ಕೊನೆಗೆ ವಯಸ್ಸು, ಜಾತಿ, ವಿದ್ಯಾಭ್ಯಾಸದ ಶೇಕಡಾವಾರು ಕೋಷ್ಟಕ ಬರೆದರು. ಅದು ಪ್ರತಿಯೊಂದು ಪ್ರಬಂಧದಲ್ಲೂ ಇರುವಂಥದ್ದೇ. ಗುಳೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. 94 ಪ್ರಶ್ನೆಗಳಿದ್ದವು, ಆದರೆ ಅವುಗಳ ಉತ್ತರ ಎಲ್ಲಿ ಹೋಗಿ ಕೂರುತ್ತದೆ ಎನ್ನುವ ಜಾಗವೇ ಇರಲಿಲ್ಲ.

ಇನ್ನು 385. ಈ ಸಂಖ್ಯೆ ನಮ್ಮ ಕಡೆಯ ಎಷ್ಟೋ ಸಿನಾಪ್ಸಿಸ್‌ಗಳಲ್ಲಿ ಸಿಗುತ್ತದೆ. 1.96ರ ವರ್ಗವನ್ನು 0.25ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿದರೆ 384.16 ಬರುತ್ತದೆ. ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಕೋಷ್ಟಕದ ತುದಿಯಲ್ಲೂ 384 ಇದೆ. ಇದು ಒಂದು ದೊಡ್ಡ ಜನಸಂಖ್ಯೆಯಲ್ಲಿ ಯಾವುದೋ ಒಂದು ಶೇಕಡಾವಾರನ್ನು ಶೇಕಡಾ 5 ಅಂಶ ಆಚೀಚೆ ಅಂದಾಜು ಮಾಡಲು ಬೇಕಾದ ಸಂಖ್ಯೆ. ಅದೂ ಸರಳ ಯಾದೃಚ್ಛಿಕ ಆಯ್ಕೆ (ಚೀಟಿ ಎತ್ತಿದ ಹಾಗೆ ಎಲ್ಲರಿಗೂ ಸಮಾನ ಅವಕಾಶ) ಮಾಡಿದ್ದರೆ ಮಾತ್ರ. ಎರಡು ಗುಂಪುಗಳನ್ನು ಹೋಲಿಸುವವರಿಗೆ ಇದು ಉತ್ತರವಲ್ಲ. ಊರೂರಿಗೆ ಹೋಗಿ ಒಂದೊಂದು ಊರಲ್ಲಿ ಹತ್ತಾರು ಮನೆ ಹಿಡಿಯುವವರಿಗೂ ಅಲ್ಲ. ಸಂಶೋಧಕಿಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಹಿಂದಿನವರ ಪ್ರಬಂಧದಲ್ಲಿ ಇತ್ತು, ಇವರೂ ಹಾಕಿದ್ದರು.

ಎಲ್ಲಕ್ಕಿಂತ ದೊಡ್ಡ ತೊಡಕು ಸಮೀಕ್ಷೆಯ ತಿಂಗಳು. ದೀಪಾವಳಿ ಮುಗಿದ ಮೇಲೆ ಆ ಊರುಗಳು ಖಾಲಿಯಾಗಲು ಶುರುವಾಗುತ್ತವೆ. ಡಿಸೆಂಬರ್‌ನಲ್ಲಿ ಹೋದರೆ ಮನೆಗೆ ಬೀಗ ಇರುತ್ತದೆ. ‘ಬೀಗ ಹಾಕಿದ ಮನೆ ಸಿಕ್ಕರೆ ಏನು ಮಾಡುತ್ತೀರಿ?’ ಎಂದು ಸಮಿತಿಯ ಇನ್ನೊಬ್ಬ ಸದಸ್ಯರು ಕೇಳಿದರು. ‘ಪಕ್ಕದ ಮನೆ ತೆಗೆದುಕೊಳ್ಳುತ್ತೇನೆ ಸರ್’ ಎಂದರು ಸಂಶೋಧಕಿ. ಪಕ್ಕದ ಮನೆಯಲ್ಲಿ ಇರುವವರು ಗುಳೆ ಹೋಗದವರು! ಗುಳೆಯ ಅಧ್ಯಯನದಲ್ಲಿ ಗುಳೆ ಹೋದವರೇ ಒಬ್ಬೊಬ್ಬರಾಗಿ ಬಿಟ್ಟುಹೋಗಿ, ಆ ಜಾಗಕ್ಕೆ ಹೋಗದವರು ಬಂದು ಕೂರುತ್ತಿದ್ದರು. ಸ್ಯಾಂಪಲ್ 385 ಇರಲಿ, 3850 ಇರಲಿ, ಈ ತಪ್ಪು ಹಾಗೇ ಉಳಿಯುತ್ತದೆ.

ಪೈಲಟ್‌ನಲ್ಲಿ ಸಿಕ್ಕ ತಿರುವು

ಪ್ರಶ್ನೆಯನ್ನು ಕಿರಿದು ಮಾಡೋಣ ಎಂದು ಸಮಿತಿ ಹೇಳಿತು. ಗುಳೆಯ ಪರಿಣಾಮ ಅಂದರೆ ಸಾಲ, ಆರೋಗ್ಯ, ಜಮೀನು, ಮದುವೆ, ಓದು ಎಲ್ಲವೂ ಆಗುತ್ತದೆ. ಸಂಶೋಧಕಿ ಮಕ್ಕಳ ಓದನ್ನು ಆರಿಸಿಕೊಂಡರು. ಅಳೆಯುವುದು ಶಾಲಾ ಹಾಜರಿ. ಹೋಲಿಕೆ: ಗುಳೆ ಹೋದ ಕುಟುಂಬದ ಮಕ್ಕಳು ಮತ್ತು ಹೋಗದ ಕುಟುಂಬದ ಮಕ್ಕಳು. ಇಷ್ಟು ಇಟ್ಟುಕೊಂಡು ಒಂದು ಊರಿಗೆ ಪೂರ್ವಪರೀಕ್ಷೆಗೆ, ಅಂದರೆ ಪೈಲಟ್‌ಗೆ ಹೋದರು.

ಅಲ್ಲಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರು ಇವರ ಮಾತನ್ನೆಲ್ಲ ಸಮಾಧಾನದಿಂದ ಕೇಳಿದರು. ಆಮೇಲೆ ಅಂದರು: ‘ಮೇಡಂ, ಅವ್ವ-ಅಪ್ಪನ ಕೂಡ ಬೆಂಗ್ಳೂರಿಗೆ ಹೋದ ಹುಡುಗ ಇಲ್ಲಿ ಸಾಲಿಗೆ ಬರಲ್ಲ. ಅದನ್ನ ತಿಳ್ಕೊಳ್ಳಾಕ ಪಿಎಚ್‌ಡಿ ಬೇಕಾಗಿಲ್ಲ. ಅಜ್ಜಿ ಹತ್ರ ಬಿಟ್ಟು ಹೋಗ್ಯಾರಲ್ಲ, ಆ ಹುಡುಗ್ರು ಏನಾಗ್ತಾರ? ಅದು ನಮಗೂ ಸರಿಯಾಗಿ ಗೊತ್ತಿಲ್ಲ. ನೋಡೋದಾದ್ರ ಅದನ್ನ ನೋಡ್ರಿ.’

ಈ ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ಮಾತು ಇದೇ ಎಂದು ನಾನು ನಂಬುತ್ತೇನೆ. ಜೊತೆಗೆ ಹೋದ ಮಗುವಿನ ಹಾಜರಿ ಬೀಳುವುದು ಲೆಕ್ಕ ಹಾಕಿ ಸಾಧಿಸಬೇಕಾದ ಸಂಗತಿಯಲ್ಲ. ಮೊದಲಿನ ಯೋಜನೆಯಲ್ಲಿ ಜೊತೆಗೆ ಹೋದವರನ್ನೂ ಊರಲ್ಲಿ ಉಳಿದವರನ್ನೂ ಒಂದೇ ಗುಂಪಿಗೆ ಹಾಕಿದ್ದರು. ಹಾಗೇ ಮುಂದುವರಿದಿದ್ದರೆ ಟಿ-ಪರೀಕ್ಷೆ ದೊಡ್ಡ ವ್ಯತ್ಯಾಸ ತೋರಿಸುತ್ತಿತ್ತು. ಮಹತ್ವದ ವ್ಯತ್ಯಾಸ ಎಂದು ಸೂಚಿಸುವ ನಕ್ಷತ್ರ ಚಿಹ್ನೆಗಳ ಸಮೇತ ಫಲಿತಾಂಶ ಬರುತ್ತಿತ್ತು. ಎಲ್ಲರಿಗೂ ಮೊದಲೇ ಗೊತ್ತಿರುವುದನ್ನೇ ಅದು ಹೇಳುತ್ತಿತ್ತು. ಊರಲ್ಲಿ ಉಳಿದ ಮಕ್ಕಳ ಕಥೆ ಅದರಡಿ ಮುಚ್ಚಿಹೋಗುತ್ತಿತ್ತು.

ಪ್ರಶ್ನೆ ಈಗ ಹೀಗೆ ಗಟ್ಟಿಯಾಯಿತು: ಹೆತ್ತವರಿಬ್ಬರೂ ಗುಳೆ ಹೋಗಿ ಅಜ್ಜ-ಅಜ್ಜಿಯ ಬಳಿ ಉಳಿದ 4ರಿಂದ 7ನೇ ತರಗತಿಯ ಮಕ್ಕಳ ಹಾಜರಿ, ಹೆತ್ತವರು ಊರಲ್ಲೇ ಇರುವ ಮಕ್ಕಳ ಹಾಜರಿಗಿಂತ ಕಡಿಮೆಯಾಗುತ್ತದೆಯೇ? ಕಡಿಮೆಯಾಗುವುದಾದರೆ ಎಷ್ಟು ದಿನ?

ಪೈಲಟ್‌ನಲ್ಲಿ ಇನ್ನೂ ಎರಡು ವಿಷಯ ಬಯಲಾದವು. ಒಂದು ಮನೆಯಲ್ಲಿ ಅಪ್ಪ ಹಿಂದಿನ ವರ್ಷ ದೀಪಾವಳಿಗೇ ಹೋಗಿದ್ದ. ಅವ್ವ ಹತ್ತಿ ಬಿಡಿಸುವ ಕೆಲಸ ಮುಗಿಸಿಕೊಂಡು ಆಮೇಲೆ ಹೋಗಿದ್ದಳು. ಇಬ್ಬರೂ ಯುಗಾದಿಗೆ ಬಂದಿದ್ದರು. ಈ ಮಗು ಯಾವ ಗುಂಪಿಗೆ? ಪ್ರಶ್ನಾವಳಿಯಲ್ಲಿ ‘ಗುಳೆ ಹೋಗಿದ್ದೀರಾ: ಹೌದು / ಇಲ್ಲ’ ಅಂತಷ್ಟೇ ಇತ್ತು. ಆಗ ವ್ಯಾಖ್ಯೆ ಬರೆದುಕೊಂಡೆವು. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಪ್ಪ-ಅವ್ವ ಇಬ್ಬರೂ ಒಂದೇ ಸಮಯದಲ್ಲಿ, ಸತತವಾಗಿ 60 ರಾತ್ರಿ ಅಥವಾ ಹೆಚ್ಚು ಊರಲ್ಲಿ ಇಲ್ಲದಿದ್ದರೆ ಆ ಮಗು ಮೊದಲ ಗುಂಪಿಗೆ. ಅಪ್ಪ ಮಾತ್ರ ಹೋಗಿದ್ದರೆ ಬೇರೆ ಸಂಕೇತ. ಮುಖ್ಯ ಹೋಲಿಕೆಯಲ್ಲಿ ಆ ಮಕ್ಕಳು ಇಲ್ಲ. 60 ಎನ್ನುವುದು ಶಾಸ್ತ್ರದಲ್ಲಿ ಬರೆದಿಟ್ಟ ಗಡಿಯಲ್ಲ. 45 ಇಟ್ಟರೂ 90 ಇಟ್ಟರೂ ಫಲಿತಾಂಶ ಬದಲಾಗುತ್ತದೆಯೇ ಎಂದು ಕೊನೆಗೆ ನೋಡಬೇಕು ಎಂದೂ ಅಲ್ಲೇ ಬರೆದುಕೊಂಡೆವು.

ಇನ್ನೊಂದು, ಅಭಿಪ್ರಾಯದ ಅಳತೆ. ‘ಸಂಪೂರ್ಣವಾಗಿ ಒಪ್ಪುತ್ತೇನೆ’ಯಿಂದ ‘ಸಂಪೂರ್ಣವಾಗಿ ಒಪ್ಪುವುದಿಲ್ಲ’ದವರೆಗೆ ಐದು ಮೆಟ್ಟಿಲಿನ 22 ಹೇಳಿಕೆಗಳಿದ್ದವು. ಅಜ್ಜಿಯರು ಪ್ರತಿ ಹೇಳಿಕೆಗೂ ‘ಹೌದವ್ವ, ಎಲ್ಲಾ ಚೊಲೊ ಐತಿ’ ಎಂದರು. ಮನೆಗೆ ಬಂದ ಓದಿದ ಹೆಣ್ಣುಮಗಳಿಗೆ ಇಲ್ಲ ಅನ್ನುವುದು ಹೇಗೆ ಎಂಬ ಮರ್ಯಾದೆ ಅದು. ಈ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಅಳೆಯುವ ಕ್ರೋನ್‌ಬಾಕ್ ಆಲ್ಫಾ 0.7ರ ಗಡಿಯನ್ನು ಸುಲಭವಾಗಿ ದಾಟಿತು. ಸಂಶೋಧಕಿಗೆ ಖುಷಿಯಾಯಿತು. ಆದರೆ ಹೇಳಿಕೆಗಳೆಲ್ಲ ಒಂದೇ ದಿಕ್ಕಿನಲ್ಲಿದ್ದು, ಒಬ್ಬರು ಎಲ್ಲದಕ್ಕೂ ಹೌದು ಅನ್ನುತ್ತಾ, ಇನ್ನೊಬ್ಬರು ಸ್ವಲ್ಪ ಹಿಂದೆ ಮುಂದೆ ನೋಡುತ್ತಾ ಹೋದರೆ ಆಲ್ಫಾ ಸುಮ್ನೆ ಏರುತ್ತದೆ. ಉತ್ತರಗಳು ಒಂದಕ್ಕೊಂದು ಹೊಂದುತ್ತವೆ ಎಂದು ಆಲ್ಫಾ ಹೇಳುತ್ತದೆ. ಅವು ನಿಜ ಎಂದು ಹೇಳುವುದಿಲ್ಲ. 22 ಹೇಳಿಕೆಗಳನ್ನೂ ಕೈಬಿಟ್ಟೆವು.

ಸಂಖ್ಯೆ ಮತ್ತು ಶಾಲೆಗಳ ಆಯ್ಕೆ

ಲೆಕ್ಕವನ್ನು ಈಗ ಹೊಸದಾಗಿ ಶುರುಮಾಡಿದೆವು. ಮೊದಲು ಕೇಳಿಕೊಂಡಿದ್ದು, ಎಷ್ಟು ದಿನದ ವ್ಯತ್ಯಾಸ ಇದ್ದರೆ ಅದಕ್ಕೆ ಅರ್ಥವಿದೆ? ಸಂಶೋಧಕಿ ಶಿಕ್ಷಕರ ಜೊತೆ ಮಾತಾಡಿ ಬಂದು, ಐದು ತಿಂಗಳಲ್ಲಿ 8 ದಿನ ಕಡಿಮೆಯಾದರೆ ಪಾಠ ಕೈತಪ್ಪುತ್ತದೆ ಎಂದರು. ಪೈಲಟ್ ಶಾಲೆಯಲ್ಲಿ ಹಾಜರಿಯ ಏರುಪೇರು (ಸರಾಸರಿಯಿಂದ ಆಚೀಚೆ ಹರಡಿರುವ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್) ಸುಮಾರು 20 ದಿನ ಇತ್ತು. 8ನ್ನು 20ರಿಂದ ಭಾಗಿಸಿದರೆ 0.4. ಶೇ 5ರ ಮಹತ್ವದ ಮಟ್ಟ (ಇಲ್ಲದ ವ್ಯತ್ಯಾಸವನ್ನು ಇದೆ ಎಂದುಬಿಡುವ ಅಪಾಯ), ಶೇ 80ರ ಪವರ್ (ಇರುವ ವ್ಯತ್ಯಾಸ ಕಣ್ಣಿಗೆ ಬೀಳುವ ಸಾಧ್ಯತೆ) ಇಟ್ಟುಕೊಂಡರೆ, ಅವುಗಳಿಗೆ ತಕ್ಕ 1.96 ಮತ್ತು 0.84 ಕೂಡಿಸಿ ವರ್ಗ ಮಾಡಿ 7.84, ಅದರ ಎರಡರಷ್ಟು 15.68, ಅದನ್ನು 0.4ರ ವರ್ಗವಾದ 0.16ರಿಂದ ಭಾಗಿಸಿದರೆ 98. ಒಂದೊಂದು ಗುಂಪಿಗೆ 98 ಮಕ್ಕಳು.

ಆದರೆ ಒಂದೇ ಶಾಲೆಯ ಮಕ್ಕಳ ಹಾಜರಿ ಒಂದಕ್ಕೊಂದು ಹೋಲುತ್ತದೆ. ಮೇಷ್ಟ್ರು ಒಳ್ಳೆಯವರಾದರೆ ಎಲ್ಲರೂ ಬರುತ್ತಾರೆ. ಜಾತ್ರೆ ಬಂದರೆ ಯಾರೂ ಬರುವುದಿಲ್ಲ. ಈ ಹೋಲಿಕೆಯ ಅಳತೆ 0.1 ಎಂದೂ, ಒಂದು ಶಾಲೆಯಿಂದ 11 ಮಕ್ಕಳು ಎಂದೂ ಹಿಡಿದೆವು. ಆಗ ಡಿಸೈನ್ ಎಫೆಕ್ಟ್, ಅಂದರೆ ಸ್ಯಾಂಪಲ್ ಎಷ್ಟು ಪಟ್ಟು ಹೆಚ್ಚಬೇಕು ಎನ್ನುವ ಅಂಕಿ, 1 + (11 - 1) × 0.1 = 2. ಅಂದರೆ 98 ಅಲ್ಲ, 196. ನಡುವೆ ಟಿಸಿ ತೆಗೆದುಕೊಂಡು ಹೋಗುವವರು, ಮಾಹಿತಿ ಸಿಗದವರು ಶೇ 15 ಎಂದರೆ 196ನ್ನು 0.85ರಿಂದ ಭಾಗಿಸಿ 231. ಎರಡು ಗುಂಪಿಗೆ 462 ಮಕ್ಕಳು, 42 ಶಾಲೆ. ಎರಡೂ ಗುಂಪಿನ ಮಕ್ಕಳು ಪ್ರತಿ ಶಾಲೆಯಲ್ಲೂ ಸಮನಾಗಿ ಸಿಕ್ಕರೆ ಡಿಸೈನ್ ಎಫೆಕ್ಟ್ ಇಷ್ಟಿರುವುದಿಲ್ಲ. ಆದರೆ ಕಾಲುವೆ ಊರುಗಳಲ್ಲಿ ಗುಳೆ ಹೋಗುವವರು ಕಡಿಮೆ, ಒಣಬೇಸಾಯದ ಊರುಗಳಲ್ಲಿ ಜಾಸ್ತಿ. ಹಾಗಾಗಿ ಎಚ್ಚರಿಕೆಯ ಕಡೆಗೇ ನಿಂತೆವು.

ಜೊತೆಗೆ ಹೋದ ಮಕ್ಕಳನ್ನು ಮೂರನೇ ಗುಂಪಾಗಿ ಸೇರಿಸಬೇಕು ಎಂದು ಗೈಡ್ ಬಯಸಿದ್ದರು. ಸೇರಿಸಿದ್ದರೆ 693 ಮಕ್ಕಳು. ಒಬ್ಬರೇ, ಭಾನುವಾರ ಮತ್ತು ರಜೆಯಲ್ಲಿ ಓಡಾಡುವವರಿಗೆ ಅದು ಆಗದ ಮಾತು. ‘ಆ ಗುಂಪಿನ ಉತ್ತರ ನಮಗೆ ಮೊದಲೇ ಗೊತ್ತು ಸರ್’ ಎಂದು ಸಂಶೋಧಕಿ ತಾವೇ ಹೇಳಿ ಗೈಡನ್ನು ಒಪ್ಪಿಸಿದರು. ಯಾವುದನ್ನು ಬಿಡಬೇಕು, ಏಕೆ ಬಿಡಬೇಕು ಎಂದು ಅವರೇ ವಾದಿಸಿದ್ದು ಆ ದಿನವೇ ಮೊದಲು. ನನಗೆ ಅದು ಬಹಳ ಸಂತೋಷ ಕೊಟ್ಟಿತು.

ಪರಿಚಯದ ಊರುಗಳ ಪಟ್ಟಿಯನ್ನೂ ಬಿಟ್ಟೆವು. ಆರಿಸಿದ ತಾಲ್ಲೂಕುಗಳ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳ ಪೂರ್ತಿ ಪಟ್ಟಿ ಯುಡೈಸ್ ಸಂಕೇತದ (ಪ್ರತಿ ಶಾಲೆಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಸಮೇತ ಸಿಗುತ್ತದೆ. ಅದನ್ನು ಕಾಲುವೆ ಊರು, ಒಣಬೇಸಾಯದ ಊರು ಎಂದು ಎರಡು ಭಾಗ ಮಾಡಿ, ಮಕ್ಕಳ ಸಂಖ್ಯೆಗೆ ತಕ್ಕಂತೆ ಅವಕಾಶ ಸಿಗುವ ಹಾಗೆ ಶಾಲೆಗಳನ್ನು ಆರಿಸಿದೆವು. ಕೆಲವು ಶಾಲೆಗಳನ್ನು ಕಾಯ್ದಿರಿಸಿ ಇಟ್ಟುಕೊಂಡೆವು.

ಒಂದು ವರ್ಷ ಕಾಯುವ ನಿರ್ಧಾರ

ಇಷ್ಟೆಲ್ಲ ಆಗುವ ಹೊತ್ತಿಗೆ ನವೆಂಬರ್ ಬಂದಿತ್ತು. ಅತಿ ಕಷ್ಟದ ನಿರ್ಧಾರ ಇಲ್ಲೇ. ಈಗಲೇ ಶುರುಮಾಡಬಹುದಿತ್ತು. ಹಾಜರಿ ಪುಸ್ತಕ ಶಾಲೆಯಲ್ಲಿದೆ, ಅಜ್ಜಿಯರು ಮನೆಯಲ್ಲಿದ್ದಾರೆ. ‘ನನ್ನ ಸೀನಿಯರ್‌ಗಳು ಎರಡು ತಿಂಗಳಲ್ಲಿ ಡೇಟಾ ಮುಗಿಸಿದ್ದಾರೆ ಸರ್, ನಾನು ಯಾಕೆ ಕಾಯಬೇಕು?’ ಎಂದು ಸಂಶೋಧಕಿ ಕೇಳಿದರು. ನ್ಯಾಯವಾದ ಪ್ರಶ್ನೆ.

ಕಾಯಲು ಕಾರಣಗಳಿದ್ದವು. ಮಕ್ಕಳ ಮಾಹಿತಿ ತೆಗೆದುಕೊಳ್ಳಲು ಹೆತ್ತವರ ಒಪ್ಪಿಗೆ ಬೇಕು. ಹೆತ್ತವರು ಊರಲ್ಲಿ ಇಲ್ಲದಾಗ ಅಜ್ಜಿಯ ಹೆಬ್ಬೆಟ್ಟು ಹಾಕಿಸಿಕೊಳ್ಳುವುದನ್ನು ಸಮಿತಿ ಒಪ್ಪಲಿಲ್ಲ. ಹೊಲ ಎಷ್ಟು, ಸಾಲ ಎಷ್ಟು ಎನ್ನುವುದನ್ನೂ ಹೆತ್ತವರೇ ಹೇಳಬೇಕು. ಈ ಮಾಹಿತಿ ಬೇಕೇ ಬೇಕು, ಏಕೆಂದರೆ ಗುಳೆ ಹೋಗುವ ಮನೆ ಮೊದಲಿಂದಲೂ ಬಡವಾಗಿರಬಹುದು. ಆ ಮಗುವಿನ ಹಾಜರಿ ಅಪ್ಪ-ಅವ್ವ ಊರಲ್ಲಿದ್ದಾಗಲೂ ಕಡಿಮೆಯೇ ಇದ್ದಿರಬಹುದು. ಕಡಿಮೆಯಾದದ್ದು ಗುಳೆಯಿಂದಲೋ ಬಡತನದಿಂದಲೋ ಎಂದು ಹೇಗೆ ಬೇರ್ಪಡಿಸುವುದು?

ಇದಕ್ಕೆ ಉತ್ತರ ಶಾಲೆಯ ಕ್ಯಾಲೆಂಡರ್‌ನಲ್ಲೇ ಇತ್ತು. ಶಾಲೆ ಜೂನ್‌ನಲ್ಲಿ ಶುರು. ಜನ ಹೋಗುವುದು ದೀಪಾವಳಿಯ ಆಸುಪಾಸು. ಜೂನ್‌ನಿಂದ ಅಕ್ಟೋಬರ್‌ವರೆಗಿನ ಹಾಜರಿ ಹೆತ್ತವರು ಇದ್ದಾಗಿನದು. ನವೆಂಬರ್‌ನಿಂದ ಮಾರ್ಚ್‌ವರೆಗಿನದು ಇಲ್ಲದಾಗಿನದು. ಅದೇ ಮಗುವನ್ನು ಅದೇ ಮಗುವಿನ ಜೊತೆ ಹೋಲಿಸಬಹುದು. ಆಮೇಲೆ ಎರಡು ಗುಂಪುಗಳಲ್ಲಿ ಆದ ಬದಲಾವಣೆಯನ್ನು ಪಕ್ಕಪಕ್ಕ ಇಡಬಹುದು. ವರ್ಷ ಪೂರ್ತಿ ಬಡವಾಗೇ ಇರುವ ಮನೆಯ ಪ್ರಭಾವ ಇದರಲ್ಲಿ ಬಹುಪಾಲು ಕಳೆದುಹೋಗುತ್ತದೆ. ಹಾಜರಿ ಪುಸ್ತಕ ಹಳೆಯ ತಿಂಗಳುಗಳದ್ದೂ ಸಿಗುತ್ತದೆ ನಿಜ. ಆದರೆ ಒಪ್ಪಿಗೆ ಮತ್ತು ಮನೆಯ ಮಾಹಿತಿಗೆ ಜೂನ್-ಜುಲೈ ಬಿಟ್ಟರೆ ಬೇರೆ ಸಮಯವಿಲ್ಲ.

ಅವರು ಕಾದರು. ಆ ತಿಂಗಳುಗಳಲ್ಲಿ ಪ್ರಶ್ನಾವಳಿಯನ್ನು ತಿದ್ದಿದರು. ಪ್ರತಿ ಪ್ರಶ್ನೆಯ ಮುಂದೆ ಅದು ಯಾವ ಖಾಲಿ ಕೋಷ್ಟಕದ ಯಾವ ಕಂಬಸಾಲಿಗೆ ಹೋಗುತ್ತದೆ ಎಂದು ಬರೆಯಬೇಕು, ಬರೆಯಲು ಆಗದಿದ್ದರೆ ಪ್ರಶ್ನೆ ತೆಗೆಯಬೇಕು. 94ರಲ್ಲಿ 31 ಉಳಿದವು. ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಅನುಮತಿ ಪತ್ರಗಳೂ ಆ ಬಿಡುವಿನಲ್ಲೇ ಆದವು.

ನಡೆದದ್ದು

ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಆರಿಸಿದ ಶಾಲೆಗಳ 4ರಿಂದ 7ನೇ ತರಗತಿಯ ಎಲ್ಲ ಮಕ್ಕಳ ಪಟ್ಟಿ ಆಯಿತು. ಆ ವರ್ಷ ಮೊಹರಂ ಜುಲೈನಲ್ಲಿ ಬಂತು. ನಮ್ಮ ಕಡೆ ಎಲ್ಲಿದ್ದರೂ ಜನ ಈ ಅಲೈ ಹಬ್ಬಕ್ಕೆ ಊರಿಗೆ ಬರುತ್ತಾರೆ. ಸಂಶೋಧಕಿ ಆ ವಾರ ಕಾಲೇಜಿಗೆ ರಜೆ ಹಾಕಿ ಊರುಗಳಲ್ಲೇ ಇದ್ದರು. ಬಿತ್ತನೆಗೆ ನಿಲ್ಲದೆ ಬೇಗ ಹೊರಟುಬಿಡುತ್ತಿದ್ದ ಕೆಲವರೂ ಆಗ ಸಿಕ್ಕರು. ಗುಳೆಯ ಸಮೀಕ್ಷೆಗೆ ಹಬ್ಬದ ದಿನಗಳಿಗಿಂತ ಒಳ್ಳೆಯ ದಿನವಿಲ್ಲ ಎಂದು ಅವರು ಆಮೇಲೆ ಸಮಿತಿಗೆ ಹೇಳಿದರು. ಯಾವ ಪಠ್ಯಪುಸ್ತಕದಲ್ಲೂ ನಾನು ಓದಿರದ, ತುಂಬಾ ಉಪಯೋಗದ ಮಾತು ಅದು.

ಆದರೆ ಜೂನ್‌ನಲ್ಲಿ ಯಾರು ಗುಳೆ ಹೋಗುತ್ತಾರೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಮಳೆ ನೋಡಿ, ಹತ್ತಿ ತೊಗರಿ ನೋಡಿ ಜನ ತೀರ್ಮಾನಿಸುತ್ತಾರೆ. ಆ ವರ್ಷ ಮಳೆ ಪರವಾಗಿಲ್ಲ ಅನ್ನುವಂತಿತ್ತು. ಹೋಗುತ್ತೇವೆ ಎಂದಿದ್ದ ಎಷ್ಟೋ ಕುಟುಂಬಗಳು ಹೋಗಲಿಲ್ಲ. ಅದಕ್ಕೆಂದೇ ಒಪ್ಪಿಗೆಯನ್ನು ಪಟ್ಟಿಯ ಎಲ್ಲರಿಂದ ಕೇಳಿದ್ದೆವು. ಗುಂಪು ವಿಂಗಡಿಸಿದ್ದು ಜನವರಿಯ ಎರಡನೇ ಸುತ್ತಿನಲ್ಲಿ, 60 ರಾತ್ರಿಯ ಲೆಕ್ಕವನ್ನು ಪಕ್ಕಾ ಮಾಡಿದ್ದು ಮಾರ್ಚ್ ಕೊನೆಗೆ. ಕೆಲವು ಶಾಲೆಗಳಲ್ಲಿ ಅಜ್ಜಿಯ ಬಳಿ ಉಳಿದ ಮಕ್ಕಳು ಬೆರಳೆಣಿಕೆಯಷ್ಟೇ ಸಿಕ್ಕರು. ಕಾಯ್ದಿರಿಸಿದ ಶಾಲೆಗಳನ್ನು ಬಳಸಬೇಕಾಯಿತು. ಕೊನೆಗೆ ಆ ಗುಂಪು 231 ಮುಟ್ಟಲಿಲ್ಲ. ಆದರೆ 196ಕ್ಕಿಂತ ಕೆಳಗೂ ಇಳಿಯಲಿಲ್ಲ. ಶೇ 15 ಮಂದಿ ಕೈತಪ್ಪುತ್ತಾರೆ ಎಂದು ಹೆಚ್ಚುವರಿ ಇಟ್ಟಿರದಿದ್ದರೆ ಕೆಲಸ ಕೆಡುತ್ತಿತ್ತು.

ಹಾಜರಿ ಪುಸ್ತಕವನ್ನು ಎಷ್ಟು ನಂಬುವುದು ಎಂಬ ಪ್ರಶ್ನೆಯೂ ಇತ್ತು. ಇದಕ್ಕೆ ಮೂರು ಲೆಕ್ಕ ಒಂದೇ ದಿನ ತಾಳೆ ಹಾಕಿದರು: ಪುಸ್ತಕದಲ್ಲಿ ಹಾಜರಿ ಎಷ್ಟು, ಬಿಸಿಯೂಟದ ವಹಿಯಲ್ಲಿ ಊಟ ಮಾಡಿದವರು ಎಷ್ಟು, ತರಗತಿಯಲ್ಲಿ ತಲೆ ಎಣಿಸಿದರೆ ಎಷ್ಟು. ಮೊದಲೇ ತಿಳಿಸದೆ ಹೋಗಿ ನೋಡಿದ್ದು. ಶಾಲೆಗಳ ಹೆಸರು ಎಲ್ಲೂ ಬರುವುದಿಲ್ಲ, ಮೇಲಿನವರಿಗೆ ವರದಿ ಹೋಗುವುದಿಲ್ಲ ಎಂದು ಅನುಮತಿ ಪತ್ರದಲ್ಲೇ ಬರೆಸಿದ್ದರಿಂದ ಶಿಕ್ಷಕರು ಸಹಕರಿಸಿದರು. ಮೂರೂ ಲೆಕ್ಕ ತಾಳೆಯಾಗದ ಶಾಲೆಗಳನ್ನು ತೆಗೆದುಹಾಕಲಿಲ್ಲ. ಅವನ್ನು ಗುರುತು ಮಾಡಿಟ್ಟು, ಅವು ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ವಿಶ್ಲೇಷಣೆ ಮಾಡುವುದು ಎಂದು ತೀರ್ಮಾನವಾಯಿತು.

ಈ ತೀರ್ಮಾನಗಳೆಲ್ಲ ಎರಡನೇ ಸುತ್ತಿಗೆ ಮೊದಲೇ ಒಂದು ನಾಲ್ಕು ಪುಟದ ಕಾಗದದಲ್ಲಿ ಬರೆದು, ದಿನಾಂಕ ಹಾಕಿ, ಸಮಿತಿಯ ಎಲ್ಲರ ಸಹಿ ಮಾಡಿಸಿ ಇಟ್ಟಿದ್ದೇವೆ. ಮುಖ್ಯ ಹೋಲಿಕೆ ಯಾವುದು, ವಿಶ್ಲೇಷಣೆಗೆ ಯಾವ ಮಾದರಿ (ಮಾಡೆಲ್), 60 ರಾತ್ರಿ ಬದಲಾದರೆ ಏನು, ಯಾವ ಕೋಷ್ಟಕ ಮೊದಲು ಎಲ್ಲ ಅದರಲ್ಲಿದೆ. ಅಂಕಿ ಕೈಗೆ ಬಂದ ಮೇಲೆ ಯಾವ ಪರೀಕ್ಷೆ ಚೆನ್ನಾಗಿ ಕಾಣುತ್ತದೆ ಎಂದು ಹುಡುಕುವ ಆಸೆ ಯಾರಿಗಾದರೂ ಬರುತ್ತದೆ. ಸಹಿ ಮಾಡಿದ ಕಾಗದ ಆ ಆಸೆಗೆ ತಡೆ. ವ್ಯತ್ಯಾಸವೇ ಇಲ್ಲ ಎಂದು ಬಂದರೂ ಅದು ಸೋಲಲ್ಲ ಎಂದು ಅದರಲ್ಲೇ ಒಂದು ಸಾಲು ಬರೆಸಿದ್ದೇವೆ. ಅಜ್ಜಿಯರು ಮಕ್ಕಳನ್ನು ಶಾಲೆ ತಪ್ಪಿಸದೆ ಕಳಿಸುತ್ತಿದ್ದಾರೆ ಎಂದು ಗೊತ್ತಾದರೆ ಅದೂ ದೊಡ್ಡ ವಿಷಯ, ಅಲ್ವಾ?

ಪ್ರಬಂಧ ಇನ್ನೂ ಸಲ್ಲಿಕೆಯಾಗಿಲ್ಲ. ಹಾಗಾಗಿ ಫಲಿತಾಂಶವನ್ನು ಇಲ್ಲಿ ಬರೆಯುವುದಿಲ್ಲ. ಈ ಯೋಜನೆ ಮುಟ್ಟದ ಜಾಗಗಳೂ ಇವೆ. ಹಾಜರಿ ಇದ್ದ ಮಾತ್ರಕ್ಕೆ ಕಲಿಕೆ ಆಗಿದೆ ಎನ್ನಲು ಬರುವುದಿಲ್ಲ. ಹೆಣ್ಣುಮಕ್ಕಳು ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆಯೇ ಎಂಬುದಕ್ಕೆ ಪ್ರಶ್ನಾವಳಿಯಲ್ಲಿ ಒಂದೇ ಪ್ರಶ್ನೆ ಇದೆ, ಸ್ಯಾಂಪಲ್ ಅದಕ್ಕೆ ಸಾಲದು. ಜೊತೆಗೆ ಹೋದ ಮಕ್ಕಳು ಅಲ್ಲಿಯ ಶಾಲೆಗೆ ಸೇರುತ್ತಾರೋ ಇಲ್ಲವೋ ತಿಳಿಯಲು ಬೆಂಗಳೂರಿನ ಶೆಡ್ಡುಗಳಿಗೇ ಹೋಗಬೇಕು. ಇದೇ ಊರುಗಳ ಜೂನ್ ಪಟ್ಟಿ ಈಗ ಕೈಯಲ್ಲಿದೆ. ಮುಂದೆ ಆ ಕೆಲಸ ಮಾಡುವವರು ಬಂದು ಕೇಳಿದರೆ, ಹೆತ್ತವರ ಒಪ್ಪಿಗೆ ಮತ್ತೆ ಪಡೆದು, ಹೆಸರು ತೆಗೆದ ಪಟ್ಟಿಯನ್ನು ಕೊಡಲು ಸಂಶೋಧಕಿ ಸಿದ್ಧರಿದ್ದಾರೆ.